ಚಳಿಗಾಲಕ್ಕೆ ಮುನ್ನ ಗರಿಕೆಯ ಹುಲ್ಲುಹಾಸಿಗೆ ಗೊಬ್ಬರ: ಕಲಬುರಗಿಯ ಒಂದು ಫಂಕ್ಷನ್ ಹಾಲ್‌ನ ಪ್ರಕರಣ

ಹಿನ್ನೆಲೆ

ಈ ಪ್ರಕರಣ ನಡೆದದ್ದು ಕಲಬುರಗಿ ನಗರದ ಹೊರವಲಯದ ಒಂದು ಫಂಕ್ಷನ್ ಹಾಲ್‌ನಲ್ಲಿ. ಮಾಲೀಕರ ಮತ್ತು ಕೆಲಸಗಾರರ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಹುಲ್ಲು, ಮಣ್ಣು, ನೀರು, ಗೊಬ್ಬರಗಳಿಗೆ ಸಂಬಂಧಿಸಿದ ಸಂಗತಿಗಳನ್ನು ಬದಲಿಸಿಲ್ಲ.

ಹಾಲ್‌ನ ಮುಂದೆ ಸುಮಾರು 12,000 ಚದರ ಅಡಿಯ, ಅಂದರೆ 1,100 ಚದರ ಮೀಟರಿನಷ್ಟು ಹುಲ್ಲುಹಾಸು ಇದೆ. ನರ್ಸರಿಯಿಂದ ತಂದ ಸಣ್ಣ ಎಲೆಯ ಗರಿಕೆಯ ತಳಿ ಅದು. ಅಲ್ಲಿನ ಮಾಲಿ ಅದನ್ನು ‘ಕರಿಕಿ’ ಎಂದೇ ಕರೆಯುತ್ತಾರೆ. ಕಟ್ಟಡ ಏಳುವ ಮೊದಲು ಆ ಜಾಗ ತೊಗರಿ ಬೆಳೆಯುತ್ತಿದ್ದ ಎರೆ (ಕಪ್ಪು ಮಣ್ಣಿನ) ಹೊಲವಾಗಿತ್ತು. ಎರೆ ಮಣ್ಣು ಮಳೆಗಾಲದಲ್ಲಿ ಅತಿಥಿಗಳ ಚಪ್ಪಲಿಗೆ ಮೆತ್ತಿಕೊಳ್ಳುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ ಎಂಬ ಕಾರಣಕ್ಕೆ ಅದರ ಮೇಲೆ ನಾಲ್ಕು ಅಂಗುಲ ಗರಸು ಬೆರೆತ ಕೆಂಪು ಮಣ್ಣನ್ನು ಹರಡಿ, ರೋಲರ್ ಹೊಡೆಸಿ, ಹುಲ್ಲು ಹಾಸಲಾಗಿತ್ತು. ಸುತ್ತಲೂ ಶಹಾಬಾದ್ ಕಲ್ಲಿನ ಹಾಸು, ಪಶ್ಚಿಮದ ಅಂಚಿನಲ್ಲಿ ಬೇವಿನ ಮರಗಳ ಸಾಲು, ಎಲ್ಲಕ್ಕೂ ನೀರು ಒಂದೇ ಬೋರ್‌ವೆಲ್‌ನಿಂದ.

ಇಂತಹ ಹುಲ್ಲುಹಾಸಿಗೆ ಎರಡು ಪಂಚಾಂಗಗಳಿರುತ್ತವೆ, ಮತ್ತು ಅವು ಒಂದಕ್ಕೊಂದು ಹೊಂದುವುದಿಲ್ಲ. ಗರಿಕೆಯು ಬಿಸಿ ಹವೆಯ ಹುಲ್ಲು; 27ರಿಂದ 35 ಡಿಗ್ರಿಯ ನಡುವೆ ಅದರ ಬೆಳವಣಿಗೆ ಅತ್ಯಂತ ಚುರುಕಾಗಿರುತ್ತದೆ, ರಾತ್ರಿಯ ಉಷ್ಣತೆ 15 ಡಿಗ್ರಿಯ ಕೆಳಗೆ ಇಳಿಯತೊಡಗಿದಾಗ ಅದು ನಿಧಾನಗೊಳ್ಳುತ್ತದೆ. ಕಲಬುರಗಿಯಲ್ಲಿ ಅಂಥ ರಾತ್ರಿಗಳು ಸಾಮಾನ್ಯವಾಗಿ ನವೆಂಬರ್ ಕೊನೆಯಿಂದ ಜನವರಿಯವರೆಗೆ ಬರುತ್ತವೆ. ಹಾಲ್‌ನ ಪಂಚಾಂಗವಾದರೋ ತುಳಸಿ ಲಗ್ನದಿಂದ ಆರಂಭವಾಗುತ್ತದೆ: ಹುಲ್ಲು ಹಿಂದೆ ಸರಿಯುವ ಹೊತ್ತಿಗೆ ಸರಿಯಾಗಿ ಮದುವೆಗಳು ಮುಂದೆ ಬರುತ್ತವೆ. ಧನುರ್ಮಾಸದಲ್ಲಿ ಹಿಂದೂ ಮದುವೆಗಳು ನಿಂತರೂ ವಲೀಮಾ ಔತಣಗಳು, ಶಾಲೆಗಳ ವಾರ್ಷಿಕೋತ್ಸವಗಳು ನಡೆಯುತ್ತಲೇ ಇರುವುದರಿಂದ ಹುಲ್ಲಿಗೆ ಪೂರ್ಣ ವಿಶ್ರಾಂತಿ ಎಂಬುದಿಲ್ಲ.

ಮೊದಲ ವರ್ಷ ನಡೆದದ್ದು

ನನ್ನನ್ನು ಕರೆಸುವುದಕ್ಕೆ ಹಿಂದಿನ ವರ್ಷ, ದೀಪಾವಳಿ ಮುಗಿಯುತ್ತಿದ್ದಂತೆ ಹುಲ್ಲು ಬಿಳಿಚಿಕೊಂಡಿತು. ಮಾಲಿಗೆ ಜೋಳ, ಹತ್ತಿಗಳ ಒಕ್ಕಲುತನದಲ್ಲಿ ದೀರ್ಘ ಅನುಭವವಿದೆ. “ಹಳದಿ ಬಿತ್ತಂದ್ರ ಯೂರಿಯಾ ಹಾಕೂದೇ ರೀ ಸಾಹುಕಾರ್ರ” ಎಂದು ಅವರು ಹೇಳಿದ್ದು ಹೊಲದ ಮಟ್ಟಿಗೆ ಬಹುಪಾಲು ಸರಿಯಾದ ಮಾತೇ. ಅದರಂತೆ ನವೆಂಬರ್ ಮಧ್ಯದಲ್ಲಿ ಅರ್ಧ ಚೀಲ, ಹತ್ತು ದಿನಗಳ ನಂತರ ಇನ್ನರ್ಧ ಚೀಲ ಯೂರಿಯಾವನ್ನು ಎರಚಲಾಯಿತು. ಪ್ರತಿ ಸಂಜೆ ಸ್ಪ್ರಿಂಕ್ಲರ್ ಹಾಕಲಾಯಿತು.

ಲೆಕ್ಕ ಹೀಗಿದೆ. 45 ಕಿಲೋ ಚೀಲದ ಯೂರಿಯಾದಲ್ಲಿ ಶೇ 46ರಷ್ಟು ಸಾರಜನಕ, ಅಂದರೆ 20 ಕಿಲೋಗೂ ಹೆಚ್ಚು. ಅದನ್ನು 1,100 ಚದರ ಮೀಟರಿಗೆ ಹಂಚಿದರೆ ಪ್ರತಿ ಚದರ ಮೀಟರಿಗೆ ಸುಮಾರು 19 ಗ್ರಾಂ ಆಗುತ್ತದೆ. ಗರಿಕೆಯು ಚುರುಕಾಗಿ ಬೆಳೆಯುವ ಕಾಲದಲ್ಲಿಯೂ ಒಂದು ಸಲಕ್ಕೆ ಕೊಡುವ ಸಾರಜನಕ 4ರಿಂದ 5 ಗ್ರಾಂ ಮಾತ್ರ. ಬೆಳವಣಿಗೆ ತಗ್ಗುವ ಕಾಲದಲ್ಲಿ, ಹತ್ತು ದಿನಗಳ ಅಂತರದಲ್ಲಿ, ಅದರ ನಾಲ್ಕು ಪಟ್ಟು ಹೋಗಿತ್ತು.

ಒಂದು ವಾರದೊಳಗೆ ಹುಲ್ಲು ಕಡು ಹಸಿರಾಯಿತು, ಮಾಲೀಕರು ಸಂತೋಷಪಟ್ಟರು. ಬೆಳವಣಿಗೆ ಹೆಚ್ಚಾದುದರಿಂದ ವಾರಕ್ಕೆ ಎರಡು ಬಾರಿ, ಒಂದು ಅಂಗುಲಕ್ಕಿಂತ ಗಿಡ್ಡಕ್ಕೆ ಕತ್ತರಿಸಲಾಯಿತು. ಡಿಸೆಂಬರ್ ಮೂರನೆಯ ವಾರದಲ್ಲಿ, ಚಳಿ ಬಲಿತು ಇಬ್ಬನಿ ಬೀಳತೊಡಗಿದಾಗ, ಅಂಗೈಯಿಂದ ತಟ್ಟೆಯಷ್ಟು ಅಗಲದ ಕಂದು ತೇಪೆಗಳು ಕಾಣಿಸಿಕೊಂಡವು. ಶಿಲೀಂಧ್ರನಾಶಕ ಸಿಂಪಡಿಸಿದ ಮೇಲೆ ಹರಡುವುದು ನಿಂತಿತು. ಸಂಕ್ರಾಂತಿಯ ಸುಮಾರಿಗೆ ಚೇತರಿಕೆಗೆಂದು ಮತ್ತಷ್ಟು ಯೂರಿಯಾ ಹೋಯಿತು. ಏಪ್ರಿಲ್ ಮಧ್ಯದ ಹೊತ್ತಿಗೆ ಅರ್ಧಕ್ಕೂ ಹೆಚ್ಚು ಭಾಗ ಒಣಗಿ ನೆಲ ಕಾಣುತ್ತಿತ್ತು. ಜೂನ್‌ನಲ್ಲಿ ಹೊಸ ಹುಲ್ಲಿನ ಹಾಸು ತರಿಸಬೇಕಾಯಿತು.

ಸಮಸ್ಯೆಯನ್ನು ಗುರುತಿಸಿದ ಬಗೆ

ಆಗಸ್ಟ್‌ನಲ್ಲಿ ನನ್ನನ್ನು ಕರೆಸಿದಾಗ ಮಾಲೀಕರು ಕೇಳಿದ ಪ್ರಶ್ನೆ ಸ್ಪಷ್ಟವಾಗಿತ್ತು: ಹುಲ್ಲು ಚಳಿಗೆ ಸತ್ತಿದೆ, ಈ ಸಲ ಚಳಿಗೆ ತಡೆಯುವ ಗೊಬ್ಬರ ಯಾವುದು? ಅಂತರ್ಜಾಲದಲ್ಲಿ ಅವರು ಓದಿಕೊಂಡಿದ್ದರು. ಹಿಮ ಬೀಳುವ ದೇಶಗಳಲ್ಲಿ ಇದೇ ಗರಿಕೆಗೆ ಮೊದಲ ಹಿಮಕ್ಕೆ ಆರೆಂಟು ವಾರ ಮುಂಚೆ ಸಾರಜನಕ ನಿಲ್ಲಿಸಿ ಪೊಟ್ಯಾಷ್ ಕೊಡುತ್ತಾರೆ ಎಂಬುದು ಅವರಿಗೆ ತಿಳಿದಿತ್ತು. ಒಂದು ಚೀಲ ಪೊಟ್ಯಾಷ್ ತಂದು ಗೋದಾಮಿನಲ್ಲಿ ಇರಿಸಿಯೂ ಆಗಿತ್ತು.

ಆದರೆ ಕಲಬುರಗಿಯಲ್ಲಿ ಹಿಮ ಬೀಳುವುದಿಲ್ಲ. ಹಿಂದಕ್ಕೆ ಎಣಿಸುವುದಕ್ಕೆ ಮೊದಲ ಹಿಮದ ದಿನವೆಂಬುದೇ ಇಲ್ಲಿ ಇಲ್ಲದಿರುವಾಗ ಆರು ವಾರವನ್ನು ಯಾವುದರಿಂದ ಎಣಿಸಬೇಕು? ಇಲ್ಲಿನ ಚಳಿಯು ಗರಿಕೆಯನ್ನು ಮಂಕುಗೊಳಿಸುತ್ತದೆ, ಕೊಲ್ಲುವುದಿಲ್ಲ. ಜನವರಿಯಲ್ಲಿಯೂ ಹಗಲಿನ ಉಷ್ಣತೆ ಬಹುತೇಕ 30 ಡಿಗ್ರಿಯ ಸುತ್ತಮುತ್ತ ಇರುತ್ತದೆ. ಹಾಗಾದರೆ ಹುಲ್ಲು ಸತ್ತದ್ದು ಯಾವಾಗ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳಬೇಕಿತ್ತು.

ಅದಕ್ಕೆ ನೆರವಾದದ್ದು ಮದುವೆಯ ಫೋಟೋಗಳು. ಹಾಲ್‌ನ ವ್ಯವಸ್ಥಾಪಕರು ಪ್ರಚಾರಕ್ಕೆಂದು ಪ್ರತಿ ಸಮಾರಂಭದ ಕೆಲವು ಚಿತ್ರಗಳನ್ನು ಮೊಬೈಲ್‌ನಲ್ಲಿ ಉಳಿಸಿಕೊಂಡಿದ್ದರು, ಪ್ರತಿಯೊಂದರಲ್ಲೂ ದಿನಾಂಕವಿತ್ತು. ಅವನ್ನು ಸಾಲಾಗಿ ನೋಡಿದಾಗ, ಡಿಸೆಂಬರ್‌ನಲ್ಲಿ ಮೂಡಿದ ತೇಪೆಗಳು ಫೆಬ್ರುವರಿ ಕೊನೆಯ ಹೊತ್ತಿಗೆ ಬಹುಪಾಲು ಮುಚ್ಚಿಕೊಂಡಿದ್ದವು ಎಂಬುದು ಕಾಣಿಸಿತು. ಹುಲ್ಲು ನಿಜವಾಗಿ ಕುಸಿದದ್ದು ಮಾರ್ಚ್ ಕೊನೆಯ ನಂತರ, ಬೋರ್‌ವೆಲ್ ನೀರು ಕಡಿಮೆಯಾಗಿ, ಬಿಸಿಲು 40 ಡಿಗ್ರಿ ದಾಟಿದ ಮೇಲೆ. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಮುಖ್ಯ ತಿರುವು ಇದೇ. ಚಳಿಗಾಲಕ್ಕೆ ಮುಂಚಿನ ಗೊಬ್ಬರದ ಪ್ರಶ್ನೆ ಎಂದು ನಾವು ಮಾತಾಡುತ್ತಿದ್ದುದು ವಾಸ್ತವದಲ್ಲಿ ಬೇಸಿಗೆಯ ಪ್ರಶ್ನೆಯಾಗಿತ್ತು.

ಗರಿಕೆಯು ಅಕ್ಟೋಬರ್–ನವೆಂಬರ್‌ನಲ್ಲಿ ಎಲೆಯ ಬೆಳವಣಿಗೆಯನ್ನು ತಗ್ಗಿಸಿ, ಬಿಸಿಲಿನಲ್ಲಿ ತಯಾರಿಸಿದ ಆಹಾರವನ್ನು ನೆಲದ ಮೇಲೆ ಹಬ್ಬುವ ಕುಡಿಗಳಲ್ಲಿ ಮತ್ತು ನೆಲದೊಳಗಿನ ಗೆಣ್ಣುಗಳಲ್ಲಿ ಕೂಡಿಡುತ್ತದೆ. ಒಕ್ಕಲಿಗ ಸುಗ್ಗಿಯಲ್ಲಿ ಹಗೇವಿಗೆ ಜೋಳ ತುಂಬಿದಂತೆ. ಆ ಹೊತ್ತಿನಲ್ಲಿ ಸಾರಜನಕ ಹೆಚ್ಚಾದರೆ ಕೂಡಿಡಬೇಕಾದದ್ದು ಹೊಸ ಎಲೆಯಾಗಿ ಹೊರಬರುತ್ತದೆ, ಆ ಎಲೆಯನ್ನು ಯಂತ್ರ ಕತ್ತರಿಸಿ ಬುಟ್ಟಿಗೆ ಹಾಕುತ್ತದೆ. ಬೇರಿಗೆ ಪಾಲು ಸಿಗುವುದಿಲ್ಲ. ಫೆಬ್ರುವರಿಯಲ್ಲಿ ಮತ್ತೆ ಚಿಗುರುವಷ್ಟು ಶಕ್ತಿ ಉಳಿದಿರಬಹುದು, ಏಪ್ರಿಲ್‌ನ ಬಿಸಿಲಿನಲ್ಲಿ ನೀರಿಲ್ಲದೆ ನಿಲ್ಲುವಷ್ಟು ಉಳಿದಿರುವುದಿಲ್ಲ.

ಗುದ್ದಲಿಯಿಂದ ಮಣ್ಣಿನ ತುಂಡುಗಳನ್ನು ಎತ್ತಿ ನೋಡಿದಾಗ ಎರಡನೆಯ ಕಾರಣವೂ ತಿಳಿಯಿತು. ಉಳಿದಿದ್ದ ಹಳೆಯ ಹುಲ್ಲಿನ ಬೇರುಗಳು ಎರಡು ಅಂಗುಲಕ್ಕೇ ನಿಂತಿದ್ದವು. ಕುರ್ಚಿ, ಶಾಮಿಯಾನದ ಕಂಬ, ಸಾವಿರಾರು ಕಾಲುಗಳ ಒತ್ತಡದಿಂದ ಕೆಂಪು ಮಣ್ಣು ಗಟ್ಟಿಯಾಗಿತ್ತು. ಅದರ ಕೆಳಗಿನ ಎರೆ ಮಣ್ಣಿನೊಳಕ್ಕೆ ಒಂದು ಬೇರೂ ಇಳಿದಿರಲಿಲ್ಲ. ಪ್ರತಿ ಸಂಜೆ ಕೊಟ್ಟ ತೆಳು ನೀರು ಮೇಲೆಯೇ ನಿಂತು, ಬೇರಿಗೆ ಕೆಳಗಿಳಿಯುವ ಅಗತ್ಯವನ್ನೇ ಉಂಟುಮಾಡಿರಲಿಲ್ಲ.

ಎರಡೂ ಪದರಗಳ ಮಣ್ಣನ್ನು ಬೇರೆ ಬೇರೆಯಾಗಿ ಕೃಷಿ ವಿಜ್ಞಾನ ಕೇಂದ್ರದ ಪರೀಕ್ಷೆಗೆ ಕಳುಹಿಸಿದೆವು. ಒಂದೇ ಚೀಲದಲ್ಲಿ ಬೆರೆಸಿ ಕಳುಹಿಸಿದ್ದರೆ ಈ ವ್ಯತ್ಯಾಸ ಮುಚ್ಚಿಹೋಗುತ್ತಿತ್ತು: ಕೆಳಗಿನ ಎರೆ ಮಣ್ಣಿನಲ್ಲಿ ಪೊಟ್ಯಾಷ್ ಹೇರಳವಾಗಿತ್ತು, ಮೇಲಿನ ಕೆಂಪು ಮಣ್ಣಿನಲ್ಲಿ ಕಡಿಮೆ ಇತ್ತು. ಸಾರಜನಕ ಎರಡರಲ್ಲೂ ಕಡಿಮೆ. ಮಣ್ಣಿನ ಆಮ್ಲ-ಕ್ಷಾರದ ಅಳತೆಯಾದ ಪಿಎಚ್ ಮೇಲೆ 7.9, ಕೆಳಗೆ 8.5, ಅಂದರೆ ಎರಡೂ ಕ್ಷಾರದ ಕಡೆಗೆ. ಲಭ್ಯ ಕಬ್ಬಿಣ ಎರಡರಲ್ಲೂ ಕೊರತೆಯ ಮಟ್ಟದಲ್ಲಿತ್ತು. ಸುಣ್ಣದ ಅಂಶ ಹೆಚ್ಚಿರುವ ಎರೆ ಮಣ್ಣಿನಲ್ಲಿ ಕಬ್ಬಿಣವಿದ್ದರೂ ಅದು ಬೇರಿಗೆ ಸಿಗದ ರೂಪದಲ್ಲಿರುತ್ತದೆ, ಬೈಕಾರ್ಬೊನೇಟ್ ಹೆಚ್ಚಿರುವ ಬೋರ್‌ವೆಲ್ ನೀರು ಅದನ್ನು ಇನ್ನಷ್ಟು ಕಷ್ಟಗೊಳಿಸುತ್ತದೆ.

ಹೀಗಾಗಿ ಹಿಂದಿನ ವರ್ಷದ ಹಳದಿ ಬಣ್ಣವೂ ಸಂದೇಹಕ್ಕೆ ಒಳಗಾಯಿತು. ಸಾರಜನಕದ ಕೊರತೆಯಲ್ಲಿ ಹಳೆಯ ಎಲೆಗಳು ಮೊದಲು, ಇಡಿಯಾಗಿ ಬಿಳಿಚಿಕೊಳ್ಳುತ್ತವೆ. ಕಬ್ಬಿಣದ ಕೊರತೆಯಲ್ಲಿ ಎಳೆಯ ಎಲೆಗಳು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿದು ಗೀರು ಗೀರಾಗಿ ಕಾಣುತ್ತವೆ. ಮಾಲಿಗೆ ಭೂತಗನ್ನಡಿಯಲ್ಲಿ ಎರಡು ಕಡೆಯ ಎಲೆಗಳನ್ನು ತೋರಿಸಿದೆ; ಅಂಗಳದ ಬಹುಭಾಗದಲ್ಲಿದ್ದದ್ದು ಎರಡನೆಯ ಬಗೆಯ ಹಳದಿ.

ತೆಗೆದುಕೊಂಡ ನಿರ್ಧಾರಗಳು

ಮೊದಲು ಮಾಡಿದ್ದು ಗೊಬ್ಬರದ ಕೆಲಸವಲ್ಲ. ಆಗಸ್ಟ್ ಕೊನೆಯಲ್ಲಿ, ಹುಲ್ಲು ಚುರುಕಾಗಿ ಬೆಳೆಯುತ್ತಿರುವಾಗಲೇ, ಕಬ್ಬಿಣದ ಮುಳ್ಳಿನ ಗುದ್ದಲಿಯಿಂದ ಕೆಂಪು ಮಣ್ಣಿನ ಪದರವನ್ನು ತೂರಿ ಎರೆಯನ್ನು ಮುಟ್ಟುವಂತೆ ಅಂಗಳದಾದ್ಯಂತ ತೂತು ಹಾಕಿ, ಅವುಗಳಿಗೆ ಮರಳು ಮತ್ತು ಜರಡಿ ಹಿಡಿದ ತಿಪ್ಪೆ ಗೊಬ್ಬರದ ಮಿಶ್ರಣವನ್ನು ಗುಡಿಸಿ ತುಂಬಿಸಿದೆವು. ಕೆಳಗೆ ಪೊಟ್ಯಾಷ್ ಇದೆ, ತೇವವಿದೆ. ಬೇರು ಅಲ್ಲಿಗೆ ತಲುಪಿದರೆ ಚೀಲದ ಅಗತ್ಯ ತಾನಾಗಿ ಕಡಿಮೆಯಾಗುತ್ತದೆ ಎಂಬುದು ಎಣಿಕೆ. ಚಳಿಗಾಲದಲ್ಲಿ ಇದೇ ಕೆಲಸ ಮಾಡಿದ್ದರೆ ಗಾಯಗಳು ಮುಚ್ಚಿಕೊಳ್ಳುತ್ತಿರಲಿಲ್ಲ.

ಸಾರಜನಕದ ಕೊನೆಯ ಪೂರ್ಣ ಪ್ರಮಾಣವನ್ನು ಸೆಪ್ಟೆಂಬರ್ ಕೊನೆಯ ವಾರಕ್ಕೆ ನಿಗದಿ ಮಾಡಿದೆ. ಯೂರಿಯಾ ಬದಲು ಅಮೋನಿಯಂ ಸಲ್ಫೇಟ್ ಆಯ್ದುಕೊಂಡದ್ದು ಅದು ಮಣ್ಣನ್ನು ಸ್ವಲ್ಪ ಆಮ್ಲದ ಕಡೆಗೆ ಒಯ್ಯುವುದರಿಂದ. ಶೇ 20.5ರಷ್ಟು ಸಾರಜನಕವಿರುವ ಅದನ್ನು 25 ಕಿಲೋ ಎರಚಿದಾಗ ಪ್ರತಿ ಚದರ ಮೀಟರಿಗೆ 4.7 ಗ್ರಾಂ ಸಾರಜನಕ ಸಿಕ್ಕಿತು. ಅಕ್ಟೋಬರ್ ಮಧ್ಯದಲ್ಲಿ ಅದರ ಅರ್ಧದಷ್ಟು, ಅದರ ಜೊತೆಗೆ 11 ಕಿಲೋ ಸಲ್ಫೇಟ್ ಆಫ್ ಪೊಟ್ಯಾಷ್. ಸುಣ್ಣದ ಮಣ್ಣಿನ ಮೇಲೆ ಬಿದ್ದ ಅಮೋನಿಯಂ ಸಲ್ಫೇಟ್ ಆಗಲಿ ಯೂರಿಯಾ ಆಗಲಿ ಹಾಗೆಯೇ ಬಿಟ್ಟರೆ ಸಾರಜನಕ ಆವಿಯಾಗಿ ಹೋಗುತ್ತದೆ, ಆದ್ದರಿಂದ ಎರಡು ಸಲವೂ ಎರಚಿದ ತಕ್ಷಣ ನೀರು ಹಾಯಿಸಲಾಯಿತು. ಅಲ್ಲಿಂದ ಮುಂದೆ ಫೆಬ್ರುವರಿ ಮಧ್ಯದವರೆಗೆ ಸಾರಜನಕವಿಲ್ಲ.

ಗೋದಾಮಿನಲ್ಲಿದ್ದ ಪೊಟ್ಯಾಷ್ ಚೀಲದ ಬಗ್ಗೆ ಮಾಲೀಕರೊಡನೆ ಸಾಕಷ್ಟು ಚರ್ಚೆಯಾಯಿತು. ಅದು ಮ್ಯೂರಿಯೇಟ್ ಆಫ್ ಪೊಟ್ಯಾಷ್, ಅಂದರೆ ಕ್ಲೋರೈಡ್ ರೂಪದ ಪೊಟ್ಯಾಷ್; ಇಡೀ ಚೀಲ ಹಾಕಿದ್ದರೆ ಬೇಕಾದದ್ದಕ್ಕಿಂತ ಹಲವು ಪಟ್ಟು ಹೆಚ್ಚಾಗುತ್ತಿತ್ತು. ಕೊನೆಗೆ ಅದು ಅವರ ಹೊಲಕ್ಕೆ ಹೋಯಿತು.

ಕತ್ತರಿಸುವ ಎತ್ತರವನ್ನು ಅಕ್ಟೋಬರ್‌ನಿಂದ ಒಂದೂವರೆ ಅಂಗುಲಕ್ಕೆ ಏರಿಸಿದೆವು. ನೀರನ್ನು ಸಂಜೆಯಿಂದ ಬೆಳಗಿಗೆ ಬದಲಿಸಿ, ದಿನವೂ ಕೊಡುವುದನ್ನು ನಿಲ್ಲಿಸಿ, ನಾಲ್ಕೈದು ದಿನಗಳಿಗೊಮ್ಮೆ ಆಳಕ್ಕೆ ಇಳಿಯುವಂತೆ ಹರಿಸಿದೆವು. ರಾತ್ರಿಯಿಡೀ ಎಲೆ ಒದ್ದೆಯಾಗಿರುವುದು ಶಿಲೀಂಧ್ರಕ್ಕೆ ಕೊಡುವ ಆಹ್ವಾನ. ಮಾಲಿ ಒಂದು ಉಷ್ಣಮಾಪಕವನ್ನು ತೂಗುಹಾಕಿ ಬೆಳಗಿನ ಕನಿಷ್ಠ ಉಷ್ಣತೆಯನ್ನೂ ಪ್ರತಿ ಕಟಾವಿಗೆ ಎಷ್ಟು ಬುಟ್ಟಿ ಹುಲ್ಲು ಬಂತೆಂಬುದನ್ನೂ ಬರೆದಿಡತೊಡಗಿದರು. ಬುಟ್ಟಿಗಳ ಸಂಖ್ಯೆ ಇಳಿಯತೊಡಗಿದ್ದೇ ಹುಲ್ಲು ನಿಧಾನಗೊಂಡಿದೆ ಎಂಬುದರ ಸೂಚನೆ. ಇದು ಯಾವ ದೇಶದ ವೇಳಾಪಟ್ಟಿಗಿಂತಲೂ ನಂಬಬಹುದಾದ ಅಳತೆ.

ನಿಜವಾದ ಪರೀಕ್ಷೆ ಬಂದದ್ದು ನವೆಂಬರ್‌ನಲ್ಲಿ. ತುಳಸಿ ಲಗ್ನದ ನಂತರದ ಮೊದಲ ದೊಡ್ಡ ಮದುವೆಗೆ ವಾರವಿರುವಾಗ ಹುಲ್ಲು ಎಳೆ ಹಳದಿಗೆ ತಿರುಗಿತ್ತು. ಹಾಲ್ ನೋಡಲು ಬಂದಿದ್ದ ಬೀಗರು ಅದನ್ನು ಎತ್ತಿ ಆಡಿದರು, ಮಾಲೀಕರು ಯೂರಿಯಾ ಹಾಕಲೇಬೇಕೆಂದರು. ಅವರ ಒತ್ತಾಯ ಅಸಹಜವಲ್ಲ. ಹುಲ್ಲುಹಾಸು ಅವರ ಪಾಲಿಗೆ ವ್ಯಾಪಾರದ ಅಂಗಳ. ಬೆಳವಣಿಗೆಯನ್ನು ಕೆರಳಿಸದೆ ಬಣ್ಣ ಕೊಡುವುದು ಹೇಗೆ ಎಂಬುದಷ್ಟೇ ಪ್ರಶ್ನೆಯಾಗಿತ್ತು. ನೂರು ಲೀಟರ್ ನೀರಿಗೆ ಅರ್ಧ ಕಿಲೋ ಅನ್ನಭೇದಿ (ಕಬ್ಬಿಣದ ಲವಣವಾದ ಫೆರಸ್ ಸಲ್ಫೇಟ್), ಅದರೊಡನೆ ನೂರು ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಗಳಿಗೆ ಸಿಂಪಡಿಸಲಾಯಿತು. ಮಣ್ಣಿಗೆ ಹಾಕಿದರೆ ಅಲ್ಲಿನ ಸುಣ್ಣ ಅದನ್ನು ಕಟ್ಟಿಹಾಕುತ್ತದೆ, ಎಲೆಗೆ ಕೊಟ್ಟದ್ದು ಎಲೆಗೆ ಸಿಗುತ್ತದೆ. ಮೂರು ನಾಲ್ಕು ದಿನಗಳಲ್ಲಿ ಬಣ್ಣ ತಿರುಗಿತು. ಸಿಂಪಡಿಸಿದ ಹುಡುಗ ಅಂಚಿನ ಶಹಾಬಾದ್ ಕಲ್ಲಿನ ಮೇಲೆ ಬಿದ್ದ ಹನಿಗಳನ್ನು ತೊಳೆಯದೆ ಬಿಟ್ಟದ್ದರಿಂದ ವೇದಿಕೆಯ ಮೆಟ್ಟಿಲ ಬಳಿ ತುಕ್ಕಿನ ಕಲೆಗಳು ಉಳಿದವು, ಎಷ್ಟು ಉಜ್ಜಿದರೂ ಪೂರ್ತಿ ಹೋಗಲಿಲ್ಲ. ಅನ್ನಭೇದಿ ಬಳಸುವವರು ಕಲ್ಲನ್ನು ಮೊದಲು ಮುಚ್ಚಬೇಕು, ಇಲ್ಲವೇ ಆಗಲೇ ತೊಳೆಯಬೇಕು.

ಮಾಲೀಕರಿಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಅವರ ಸಮಾಧಾನಕ್ಕೆ, ಬಿಸಿಲು ಸಮನಾಗಿ ಬೀಳುವ ಕಡೆ ಹತ್ತು ಚದರ ಮೀಟರಿನ ಒಂದು ಪಟ್ಟಿಗೆ ಗೂಟ ಹೊಡೆದು, ನವೆಂಬರ್ ಕೊನೆಯ ವಾರದಲ್ಲಿ ನೂರು ಗ್ರಾಂ ಯೂರಿಯಾ ಹಾಕಿ, ಉಳಿದೆಲ್ಲವನ್ನೂ ಅಕ್ಕಪಕ್ಕದಂತೆಯೇ ನಡೆಸಲು ಒಪ್ಪಿಕೊಂಡೆವು.

ಫಲಿತಾಂಶ

ಡಿಸೆಂಬರ್‌ನ ಮೊದಲ ಎರಡು ವಾರ ಆ ಪಟ್ಟಿಯೇ ಅಂಗಳದಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಕಾಣುತ್ತಿತ್ತು, ಮಾಲೀಕರು ಅದನ್ನು ಬಂದವರಿಗೆ ತೋರಿಸುತ್ತಲೂ ಇದ್ದರು. ತಿಂಗಳ ಕೊನೆಗೆ ಕಂದು ಚುಕ್ಕೆಗಳು ಬಿದ್ದದ್ದೂ ಅಲ್ಲಿಯೇ. ಉಳಿದ ಅಂಗಳ ಡಿಸೆಂಬರ್ ಪೂರ್ತಿ ಮಂಕು ಹಸಿರಾಗಿತ್ತು. ಹಿಂದಿನ ವರ್ಷದ ಅದೇ ದಿನಗಳ ಫೋಟೋಗಳ ಪಕ್ಕದಲ್ಲಿಟ್ಟರೆ ಸೋತಂತೆಯೇ ಕಾಣುತ್ತದೆ, ಒಂದು ಸಮಾರಂಭದವರಂತೂ ವೇದಿಕೆಯ ಮುಂದೆ ಹಸಿರು ಜಮಖಾನ ಹಾಸಿಸಿಕೊಂಡರು. ಈ ವೆಚ್ಚವನ್ನು ಮೊದಲೇ ಹೇಳದೆ ಇಂಥ ಸಲಹೆ ಕೊಡುವುದು ಸರಿಯಲ್ಲ. ಡಿಸೆಂಬರ್‌ನಲ್ಲಿ ಅನ್ನಭೇದಿಯನ್ನು ಮತ್ತೊಮ್ಮೆ ಸಿಂಪಡಿಸಿದಾಗ ಬಣ್ಣ ಅಷ್ಟಾಗಿ ಏರಲಿಲ್ಲ, ಏಕೆಂದರೆ ಆಗಿನ ಮಂಕಿಗೆ ಚಳಿಯೇ ಕಾರಣವಾಗಿತ್ತು.

ಫೆಬ್ರುವರಿಯಲ್ಲಿ ಮತ್ತೆ ತುಂಡು ಎತ್ತಿದಾಗ ತೂತುಗಳ ಸುತ್ತಲಿನ ಬೇರುಗಳು ಕೆಂಪು ಮಣ್ಣನ್ನು ದಾಟಿ ಎರೆಯೊಳಗೆ ಇಳಿದಿದ್ದವು. ಮಾರ್ಚ್‌ನಲ್ಲಿ ಬೋರ್‌ವೆಲ್ ನೀರು ಎಂದಿನಂತೆ ಇಳಿಯಿತು. ಏಪ್ರಿಲ್‌ನಲ್ಲಿ ಹುಲ್ಲು ಕಂದಾಯಿತು, ಆದರೆ ಕುಡಿಗಳನ್ನು ಚಿವುಟಿದರೆ ಒಳಗೆ ಜೀವವಿತ್ತು. ಯೂರಿಯಾ ಹಾಕಿದ ಪಟ್ಟಿ ಅಕ್ಕಪಕ್ಕದ ಹುಲ್ಲಿಗಿಂತ ಮೊದಲು ಒಣಗಿತು, ಮಳೆ ಬಿದ್ದ ಮೇಲೆ ಎಲ್ಲಕ್ಕಿಂತ ತಡವಾಗಿ ಚಿಗುರಿತು. ಜೂನ್‌ನಲ್ಲಿ ವೇದಿಕೆಗೆ ಹೋಗುವ ದಾರಿಯ ಹೊರತು ಬೇರೆಲ್ಲೂ ಹೊಸ ಹಾಸು ತರಿಸಬೇಕಾಗಲಿಲ್ಲ.

ಈ ಪ್ರಕರಣದಿಂದ ಏನನ್ನು ತೆಗೆದುಕೊಳ್ಳಬಹುದು

ಇಡೀ ಅಂಗಳದ ಚೇತರಿಕೆಯನ್ನು ಗೊಬ್ಬರದ ಲೆಕ್ಕಕ್ಕೆ ಬರೆಯಲಾಗದು. ತೂತು ಹಾಕಿದ್ದು, ನೀರಿನ ಹೊತ್ತು ಬದಲಿಸಿದ್ದು, ಕತ್ತರಿಸುವ ಎತ್ತರ ಏರಿಸಿದ್ದು ಎಲ್ಲವೂ ಒಂದೇ ವರ್ಷದಲ್ಲಿ ನಡೆದವು, ಹುಲ್ಲಿನ ಅರ್ಧಭಾಗವೂ ಹೊಸದಾಗಿತ್ತು. ತಡವಾಗಿ ಹಾಕಿದ ಸಾರಜನಕದ ಪರಿಣಾಮವನ್ನು ಪ್ರತ್ಯೇಕವಾಗಿ ತೋರಿಸುವುದು ಆ ಹತ್ತು ಚದರ ಮೀಟರಿನ ಪಟ್ಟಿ ಮಾತ್ರ. ಅಲ್ಲಿ ಹಾಕಿದ್ದು ಒಂದು ಸಾಧಾರಣ ಪ್ರಮಾಣವೇ ಹೊರತು ಹಿಂದಿನ ವರ್ಷದ ನಾಲ್ಕು ಪಟ್ಟಲ್ಲ ಎಂಬುದು ಗಮನಿಸಬೇಕಾದ ಸಂಗತಿ. ಪ್ರಮಾಣದಷ್ಟೇ ಸಮಯವೂ ಹಾನಿ ಮಾಡಬಲ್ಲದು ಎಂದು ನಾನು ತಿಳಿಯುವುದು ಅದರಿಂದ.

ಈ ಲೆಕ್ಕವನ್ನು ಬೀದರ್‌ಗೆ ಹಾಗೆಯೇ ಒಯ್ಯುವುದು ಸೂಕ್ತವಲ್ಲ. ಬೀದರ್ ಕಲಬುರಗಿಗಿಂತ 200 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಚಳಿ ಹೆಚ್ಚು, ಹುಲ್ಲು ಬೇಗ ನಿಧಾನಗೊಳ್ಳುತ್ತದೆ. ಆದ್ದರಿಂದ ಸಾರಜನಕವನ್ನು ಇನ್ನೂ ಮೊದಲೇ ಮುಗಿಸುವುದು ಕ್ಷೇಮ. ಅಲ್ಲಿನ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ, ಎರೆಯಲ್ಲಿರುವಂತೆ, ಕೆಳಗೆ ಪೊಟ್ಯಾಷ್‌ನ ದಾಸ್ತಾನು ಇರುತ್ತದೆಂದು ನಂಬಿ ಕೂರುವಂತಿಲ್ಲ, ಸುಣ್ಣದಿಂದ ಬರುವ ಕಬ್ಬಿಣದ ತೊಂದರೆಯೂ ಅಷ್ಟಿರುವುದಿಲ್ಲ. ಯಾದಗಿರಿಯ ಎರೆ ಭೂಮಿಯಲ್ಲಿ ಈ ಕ್ರಮ ಹೆಚ್ಚು ಹೊಂದೀತು, ಅಲ್ಲಿಯೂ ಮಣ್ಣಿನ ಪರೀಕ್ಷೆಯ ನಂತರವೇ.

ಬಗೆಹರಿಯದೆ ಉಳಿದದ್ದು ಬೇವಿನ ಸಾಲಿನ ಕೆಳಗಿನ ಭಾಗ. ಗರಿಕೆಗೆ ನೆರಳು ಒಗ್ಗುವುದಿಲ್ಲ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಆ ಭಾಗಕ್ಕೆ ಬಿಸಿಲು ಇನ್ನೂ ಕಡಿಮೆಯಾಗುತ್ತದೆ, ಅಲ್ಲಿ ಎಷ್ಟು ಗೊಬ್ಬರ ಹಾಕಿದರೂ ಹುಲ್ಲು ವಿರಳವಾಗಿಯೇ ಇರುತ್ತದೆ. ಮರ ಕಡಿಯಲು ಮಾಲೀಕರು ಒಪ್ಪಲಿಲ್ಲ, ನಾನೂ ಸೂಚಿಸಲಿಲ್ಲ. ಆ ಅಂಚಿಗೆ ಕಲ್ಲು ಹಾಸಿ ಊಟದ ಮೇಜುಗಳಿಗೆ ಬಿಟ್ಟುಕೊಡುವುದೆಂದು ತೀರ್ಮಾನವಾಗಿದೆ. ಹುಲ್ಲಿನ ವಿಸ್ತೀರ್ಣ ಆಗ 10,000 ಚದರ ಅಡಿಗೆ ಇಳಿಯುವುದರಿಂದ, ಮುಂದಿನ ಸೆಪ್ಟೆಂಬರ್‌ಗೆ 25 ಕಿಲೋ ಬದಲು 21 ಕಿಲೋ ಅಮೋನಿಯಂ ಸಲ್ಫೇಟ್ ಸಾಕಾಗುತ್ತದೆ. ಪೊಟ್ಯಾಷ್ ಬೇಕೋ ಬೇಡವೋ ಎಂಬುದನ್ನು ಆಗಸ್ಟ್‌ನಲ್ಲಿ ಮೇಲಿನ ಪದರದ ಮಣ್ಣನ್ನು ಮತ್ತೆ ಪರೀಕ್ಷಿಸಿ ನಿರ್ಧರಿಸಲಾಗುವುದು.